ಪುಟ ಸಮ ಕಾಣದಿದ್ದರೆ: ಗಡಿನಾಡಿನ ಕನ್ನಡ ಜಾಲಪುಟಗಳ ದೋಷ ಹುಡುಕುವ ಬಗೆ

‘ನಮ್ಮ ಪುಟ ಸಮ ಬರುವುದಿಲ್ಲ’ ಎಂಬ ದೂರಿನಲ್ಲಿ ದೋಷದ ಸುಳಿವು ಏನೂ ಇಲ್ಲ. ಸಮ ಇಲ್ಲ ಅಂದರೆ ಹೇಗೆ ಕಾಣುತ್ತದೆ ಎಂದು ಕೇಳಬೇಕು. ಅಕ್ಷರ ಕದಡಿದೆಯೋ, ಚೌಕ ಬಂದಿದೆಯೋ, ಒತ್ತಕ್ಷರ ಬೇರೆಯಾಗಿ ನಿಂತಿದೆಯೋ, ಬಣ್ಣ ಹೋಗಿದೆಯೋ, ಗುಂಡಿ ಒತ್ತಿದರೆ ಏನೂ ಆಗುವುದಿಲ್ಲವೋ? ಕೆಟ್ಟಿರುವ ರೀತಿ ಗೊತ್ತಾದರೆ ಕೆಟ್ಟಿರುವ ಜಾಗ ಅರ್ಧ ಗೊತ್ತಾದ ಹಾಗೆ.

ಇದಕ್ಕೆ ಕಾರಣ ಉಂಟು. ಒಂದು ಪುಟ ಪರದೆಗೆ ಬರುವಾಗ ಬ್ರೌಸರು ಮೂರು ಭಾಷೆಗಳನ್ನು ಓದುತ್ತದೆ, ಮೂರಕ್ಕೂ ಬೇರೆ ಬೇರೆ ಸ್ವಭಾವ. ಪುಟದ ಚೌಕಟ್ಟು ಕಟ್ಟುವ ಎಚ್‌ಟಿಎಮ್‌ಎಲ್ ತಪ್ಪನ್ನು ಕ್ಷಮಿಸಿ, ತಾನೇ ಏನೋ ಊಹಿಸಿ ಮುಂದೆ ಹೋಗುತ್ತದೆ. ಬಣ್ಣ, ಅಳತೆ ಹೇಳುವ ಸಿಎಸ್‌ಎಸ್ ತನಗೆ ಅರ್ಥವಾಗದ ಸಾಲನ್ನು ಯಾರಿಗೂ ಹೇಳದೆ ಬಿಟ್ಟುಬಿಡುತ್ತದೆ. ಗುಂಡಿ ಒತ್ತಿದಾಗ ಕೆಲಸ ನಡೆಸುವ ಜಾವಾಸ್ಕ್ರಿಪ್ಟ್ ತಪ್ಪು ಸಿಕ್ಕಿದಲ್ಲಿ ನಿಂತುಬಿಡುತ್ತದೆ. ಹುಟ್ಟಿದ್ದೂ ಬೇರೆ ಬೇರೆ ಕೈಗಳಲ್ಲಿ. ಮೊದಲನೆಯದು ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಮಾಡಿದ್ದು. ಎರಡನೆಯದನ್ನು 1994ರಲ್ಲಿ ಹೋಕನ್ ವಿಯಮ್ ಲೀ ಸೂಚಿಸಿದರು, 1996ರ ಡಿಸೆಂಬರಿನಲ್ಲಿ ಅದರ ಮೊದಲ ಶಿಷ್ಟರೂಪ ಬಂತು. ಮೂರನೆಯದನ್ನು 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿ ಬ್ರೆಂಡನ್ ಐಕ್ ಹತ್ತೇ ದಿನದಲ್ಲಿ ಹೊಸೆದರು. ಅಷ್ಟು ಅವಸರದ ಕೆಲಸದ ಗುರುತುಗಳು ಅದರಲ್ಲಿ ಈಗಲೂ ಉಂಟು.

ಆದರೆ ಕನ್ನಡ ಪುಟಗಳ ಮಟ್ಟಿಗೆ ಈ ಮೂರಕ್ಕಿಂತ ಮೊದಲಿನ ಒಂದು ಮೆಟ್ಟಿಲಿನಲ್ಲೇ ಹೆಚ್ಚಿನ ತೊಂದರೆ. ಪುಟವನ್ನು ಇಟ್ಟುಕೊಂಡು ಕಳಿಸುವ ಕಂಪ್ಯೂಟರಾದ ಸರ್ವರಿನಿಂದ ಬರುವುದು ಅಕ್ಷರವಲ್ಲ, ಬರೀ ಬೈಟುಗಳು, ಅಂದರೆ ಸಂಖ್ಯೆಗಳು. ಅವನ್ನು ಅಕ್ಷರವಾಗಿ ಓದಬೇಕು, ಅಕ್ಷರಗಳನ್ನು ಜೋಡಿಸಿ ಕಾಗುಣಿತ ಮತ್ತು ಒತ್ತುಗಳ ರೂಪ ಕೊಡಬೇಕು. ಇಂಗ್ಲಿಷಿನ ಕೈಪಿಡಿಗಳು ಈ ಭಾಗವನ್ನು ಎರಡು ಸಾಲಿನಲ್ಲಿ ಮುಗಿಸುತ್ತವೆ, ಅವರಿಗೆ ಅಷ್ಟು ಸಾಕು. ನಮಗೆ ಸಾಲದು. ಹಾಗಾಗಿ ಇಲ್ಲಿ ಹೆಚ್ಚು ಜಾಗ ಅದಕ್ಕೇ.

ಉದಾಹರಣೆಗೆ ಒಂದು ಪುಟವನ್ನು ಕಲ್ಪಿಸಿಕೊಳ್ಳಿ. ಬದಿಯಡ್ಕ, ನೀರ್ಚಾಲು ಕಡೆಯ ಒಂದು ವಾಚನಾಲಯದ್ದು. ಮೇಲೆ ಕನ್ನಡದಲ್ಲಿ ಮಳೆಗಾಲದ ತಾಳಮದ್ದಳೆಗಳ ಪಟ್ಟಿ, ಕೆಳಗೆ ಮಲಯಾಳದಲ್ಲಿ ಪಂಚಾಯತಿನ ಸೂಚನೆ, ನಡುವೆ ತುಳುವಿನಲ್ಲಿ ನಾಲ್ಕು ಸಾಲು. ದಿನಾಂಕದ ಪ್ರಕಾರ ಜೋಡಿಸಲು ಒಂದು ಗುಂಡಿ, ಊರಿನ ಹೆಸರು ಹುಡುಕಲು ಒಂದು ಪೆಟ್ಟಿಗೆ. ಕಾಸರಗೋಡಿನಲ್ಲಿ ಇಂಥ ಪುಟ ಅಪರೂಪವೇನಲ್ಲ, ದೋಷಗಳು ಎಲ್ಲ ದಿಕ್ಕಿನಿಂದ ಬಂದು ಸೇರುವುದು ಇಂಥ ಪುಟದಲ್ಲೇ.

ಮೊದಲು ಹಳೆಯ ಪ್ರತಿಯ ಅನುಮಾನ ತೀರಲಿ

ಬ್ರೌಸರು ಒಮ್ಮೆ ತಂದದ್ದನ್ನು ಇಟ್ಟುಕೊಂಡಿರುತ್ತದೆ. ನೀವು ಸರಿಪಡಿಸಿದ ಮೇಲೂ ಹಳೆಯ ಕಡತವನ್ನೇ ತೋರಿಸುತ್ತಿರಬಹುದು. ಕಂಪ್ಯೂಟರಿನಲ್ಲಿ ಕಂಟ್ರೋಲ್, ಶಿಫ್ಟ್, ಆರ್ ಮೂರೂ ಒಟ್ಟಿಗೆ ಒತ್ತಿ. ಫೋನಿನಲ್ಲಿ ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆಯಿರಿ. ಅಲ್ಲಿ ಸಮ ಇದ್ದರೆ ದೋಷ ಪುಟದ್ದಲ್ಲ, ಉಳಿದುಕೊಂಡ ಪ್ರತಿಯದ್ದು. ಇನ್ನೊಂದು ಬ್ರೌಸರಿನಲ್ಲೂ ನೋಡಿ, ಆದರೆ ಕ್ರೋಮ್ ಬಿಟ್ಟು ಎಡ್ಜ್ ತೆರೆದರೆ ಪ್ರಯೋಜನ ಕಡಿಮೆ: ಎರಡರ ಒಳಗೂ ಇರುವುದು ಪುಟ ಬಿಡಿಸುವ ಬ್ಲಿಂಕ್ ಎಂಬ ಒಂದೇ ಎಂಜಿನ್. ಫೈರ್‌ಫಾಕ್ಸಿನದು ಗೆಕ್ಕೊ, ಸಫಾರಿಯದು ವೆಬ್‌ಕಿಟ್. ಹೋಲಿಸಿ ನೋಡುವುದಾದರೆ ಕ್ರೋಮ್ ಮತ್ತು ಫೈರ್‌ಫಾಕ್ಸ್ ಎರಡನ್ನು ಇಟ್ಟುಕೊಳ್ಳಿ.

ಕದಡಿದ ಅಕ್ಷರಗಳು

ಕನ್ನಡ ಇರಬೇಕಾದಲ್ಲಿ ಇಂಗ್ಲಿಷಿನಂಥ ಎಂಥದೋ ಕಸ ಕಾಣುತ್ತಿದೆ ಅಂದುಕೊಳ್ಳಿ. ಆ ಕಸವನ್ನು ಗಮನವಿಟ್ಟು ನೋಡಿ, ಅದರಲ್ಲಿ ಎಲ್ಲ ಬರೆದುಕೊಂಡಿದೆ.

ಲೋಕದ ಲಿಪಿಗಳಿಗೆ ಸಂಖ್ಯೆ ಹಂಚಿದ ಯೂನಿಕೋಡ್ ಪಟ್ಟಿಯಲ್ಲಿ ಕನ್ನಡಕ್ಕೆ ಕೊಟ್ಟ ಜಾಗ, ಹದಿನಾರರ ಲೆಕ್ಕದಲ್ಲಿ (9 ಆದ ಮೇಲೆ ಎ-ಯಿಂದ ಎಫ್‌ವರೆಗೆ ಎಣಿಸುವುದು), 0ಸಿ80ರಿಂದ 0ಸಿಎಫ್‌ಎಫ್‌ವರೆಗೆ. ಯುಟಿಎಫ್-8 ಎಂಬ ಬರವಣಿಗೆಯಲ್ಲಿ ಇಲ್ಲಿನ ಪ್ರತಿ ಸಂಕೇತಕ್ಕೂ ಮೂರು ಬೈಟು. ‘ಕ’ ಎಂಬುದು ಇ0, ಬಿ2, 95. ಮೊದಲ ಬೈಟು ಯಾವಾಗಲೂ ಇ0, ಎರಡನೆಯದು ಬಿ2 ಅಥವಾ ಬಿ3. ಈ ಮೂರನ್ನು ಒಂದು ಅಕ್ಷರ ಎಂದು ಓದದೆ, ಹಳೆಯ ವಿಂಡೋಸ್-1252 ಪಟ್ಟಿಯ ಪ್ರಕಾರ ಮೂರು ಬೇರೆ ಬೇರೆ ಅಕ್ಷರ ಎಂದು ಓದಿದರೆ ಏನಾಗುತ್ತದೆ? ಇ0 ಎಂಬುದು ತಲೆಯ ಮೇಲೆ ಗೀರಿರುವ ಸಣ್ಣ ‘ಎ’ ಆಗುತ್ತದೆ. ಬಿ2 ಎಂಬುದು ವರ್ಗದ ಚಿಹ್ನೆಯ ಹಾಗೆ ಮೇಲೆ ಕೂತ ಪುಟ್ಟ 2, ಬಿ3 ಪುಟ್ಟ 3. ಹಾಗಾಗಿ ಸಾಲಿನುದ್ದಕ್ಕೂ ಗೀರಿನ ‘ಎ’ಯೂ ಪುಟ್ಟ 2, 3ಗಳೂ ಮತ್ತೆ ಮತ್ತೆ ಬಂದರೆ ಕನ್ನಡ ಹಾಳಾಗಿಲ್ಲ, ತಪ್ಪಾಗಿ ಓದಲ್ಪಟ್ಟಿದೆ ಅಷ್ಟೇ.

ನಮ್ಮಂಥ ಮೂರು ಭಾಷೆಯ ಪುಟದಲ್ಲಿ ಇದರ ಉಪಯೋಗ ಇನ್ನೂ ಹೆಚ್ಚು. ಅದೇ ಗೀರಿನ ‘ಎ’ಯ ಪಕ್ಕ ಒಂಟಿ ಸ್ವರಾಘಾತದ ಗೀಟು ಅಥವಾ ಮೈಕ್ರೋ ಚಿಹ್ನೆ ಇದ್ದರೆ ಅದು ಮಲಯಾಳದ ಸಾಲು, ಯಾಕೆಂದರೆ ಅದರ ಎರಡನೇ ಬೈಟು ಬಿ4 ಅಥವಾ ಬಿ5. ಪುಟದ ಯಾವ ತುಂಡು ಕೆಟ್ಟಿದೆ ಎಂದು ಲಿಪಿ ಓದದೆಯೇ ಹೇಳಬಹುದು. ಬೇರೆ ಗಡಿಯವರಿಗೂ ಇದೇ ಲೆಕ್ಕ. ಅಕ್ಕಲಕೋಟೆ, ಜತ್ತ ಕಡೆಯ ಪುಟಗಳಲ್ಲಿ ಮರಾಠಿಯ ದೇವನಾಗರಿ ಕದಡಿದರೆ ನಾಲ್ಕು ಕಾಲಿನ ಹಣದ ಚಿಹ್ನೆಯೂ ಯೆನ್ ಚಿಹ್ನೆಯೂ ಕಾಣುತ್ತವೆ. ಹೊಸೂರು, ತಾಳವಾಡಿಯಲ್ಲಿ ತಮಿಳು ಕದಡಿದರೆ ವೃತ್ತದೊಳಗಿನ ‘ಆರ್’, ಅಂದರೆ ನೋಂದಾಯಿತ ಮುದ್ರೆ. ಆದೋನಿ, ಮಡಕಶಿರದಲ್ಲಿ ತೆಲುಗು ಕದಡಿದರೆ ಉಷ್ಣಾಂಶದ ಸೊನ್ನೆ ಮತ್ತು ಕೂಡು-ಕಳೆ ಚಿಹ್ನೆ. ಈ ಪಟ್ಟಿಯನ್ನು ಒಂದು ಚೀಟಿಯಲ್ಲಿ ಬರೆದು ಮಾನಿಟರಿನ ಬದಿಗೆ ಅಂಟಿಸಿಟ್ಟರೆ ನಷ್ಟವಿಲ್ಲ.

ಪರಿಹಾರ ಎಲ್ಲಿ? ಬ್ರೌಸರು ಅಕ್ಷರಪಟ್ಟಿಯನ್ನು ನಿರ್ಧರಿಸುವುದು ಒಂದು ಕ್ರಮದಲ್ಲಿ. ಕಡತದ ತಲೆಯಲ್ಲಿ ಬೈಟು-ಕ್ರಮದ ಗುರುತು ಇದ್ದರೆ ಅದೇ ಕೊನೆಯ ಮಾತು. ಇಲ್ಲದಿದ್ದರೆ ಸರ್ವರು ಕಳಿಸುವ ಕಂಟೆಂಟ್-ಟೈಪ್ ಹೆಡರು, ಅಂದರೆ ಪುಟದ ಜೊತೆ ಬರುವ ತಲೆಚೀಟಿ. ಅದೂ ಹೇಳದಿದ್ದರೆ ಪುಟದೊಳಗಿನ ಮೆಟಾ ಚಾರ್‌ಸೆಟ್ ಸಾಲು. ಇಲ್ಲಿ ಎರಡು ಕಡೆ ಜನ ಎಡವುತ್ತಾರೆ. ಒಂದು, ಪುಟದಲ್ಲಿ ಯುಟಿಎಫ್-8 ಎಂದು ಬರೆದಿದ್ದರೂ ಸರ್ವರು ಬೇರೆ ಹೇಳಿದರೆ ಸರ್ವರಿನ ಮಾತೇ ನಡೆಯುತ್ತದೆ. ಪುಟವನ್ನು ಎಷ್ಟು ತಿದ್ದಿದರೂ ಫಲವಿಲ್ಲ, ಸರ್ವರಿನ ವ್ಯವಸ್ಥೆಯನ್ನೇ ತಿದ್ದಬೇಕು. ಇನ್ನೊಂದು, ಮೆಟಾ ಸಾಲು ಪುಟದ ಮೊದಲ 1024 ಬೈಟುಗಳ ಒಳಗೆ ಇರಬೇಕು. ಕೆಲವರು ತಲೆಭಾಗದಲ್ಲಿ ಮೊದಲು ಉದ್ದುದ್ದ ಟಿಪ್ಪಣಿ ಬರೆದು, ಶೀರ್ಷಿಕೆ ಹಾಕಿ, ಆಮೇಲೆ ಈ ಸಾಲಿಗೆ ಬರುತ್ತಾರೆ. ಒಂದು ಕನ್ನಡ ಸಂಕೇತಕ್ಕೆ ಮೂರು ಬೈಟು ಅಂದಮೇಲೆ 1024 ಎಂಬುದು ನೋಡನೋಡುತ್ತಲೇ ಮುಗಿಯುತ್ತದೆ. ತಲೆಭಾಗ ತೆರೆದ ಕೂಡಲೇ ಮೊದಲ ಸಾಲಾಗಿ ಅದನ್ನೇ ಬರೆಯಿರಿ.

ಸರ್ವರು ಏನು ಹೇಳುತ್ತಿದೆ ಎಂದು ನೋಡಲು ಎಫ್ 12 ಒತ್ತಿ, ನೆಟ್‌ವರ್ಕ್ ಎಂಬ ವಿಭಾಗಕ್ಕೆ ಹೋಗಿ ಪುಟವನ್ನು ಮತ್ತೊಮ್ಮೆ ತೆರೆಯಿರಿ. ಮೊದಲ ಸಾಲನ್ನು ಒತ್ತಿದರೆ ಹೆಡರುಗಳು ಕಾಣುತ್ತವೆ. ಪುಟದ ಮೇಲೆ ನಿಮಗೆ ಅಧಿಕಾರವಿಲ್ಲ, ಓದಿದರೆ ಸಾಕು ಎಂದಿದ್ದರೆ ಫೈರ್‌ಫಾಕ್ಸಿನ ವ್ಯೂ ಮೆನುವಿನಲ್ಲಿ ‘ರಿಪೇರ್ ಟೆಕ್ಸ್ಟ್ ಎನ್‌ಕೋಡಿಂಗ್’ ಉಂಟು, ಅದು ಹೆಚ್ಚಿನ ಸಲ ಕೆಲಸ ಮಾಡುತ್ತದೆ.

ಇದಕ್ಕಿಂತ ಕಷ್ಟದ್ದು ಎರಡು ಸಲ ಕದಡಿದ ಪಠ್ಯ. ತಾಳಮದ್ದಳೆ ಪಟ್ಟಿ ಯಾರೋ ಎಕ್ಸೆಲ್‌ನಲ್ಲಿ ಮಾಡಿದ್ದು. ಅದರ ಯುಟಿಎಫ್-8 ಸಿಎಸ್‌ವಿ ಪ್ರತಿ, ಬೈಟು-ಕ್ರಮದ ಗುರುತು ಇಲ್ಲದೆ, ಇನ್ನೊಬ್ಬರ ಕೈಗೆ ಹೋಯಿತು, ಅವರು ಎರಡು ಸಲ ಒತ್ತಿ ತೆರೆದರು, ಕದಡಿದ್ದನ್ನು ಗಮನಿಸದೆ ಯುಟಿಎಫ್-8 ಆಗಿಯೇ ಮತ್ತೆ ಉಳಿಸಿದರು. ಈಗ ಆ ಗೀರಿನ ‘ಎ’ಯೇ ಯುಟಿಎಫ್-8 ಆಗಿ ಬರೆಯಲ್ಪಟ್ಟಿದೆ. ಅದನ್ನು ಇನ್ನೊಮ್ಮೆ ತಪ್ಪಾಗಿ ಓದಿದರೆ ಅಲೆಗೀಟು ಹೊತ್ತ ದೊಡ್ಡ ‘ಎ’ಯೂ ಟೋಪಿಯಂಥ ಗುರುತಿನ ದೊಡ್ಡ ‘ಎ’ಯೂ ತುಂಬಿಕೊಳ್ಳುತ್ತವೆ. ಅಲೆಗೀಟು ಕಂಡರೆ ಹೆಡರು ತಿದ್ದಿ ಪ್ರಯೋಜನವಿಲ್ಲ, ಕೆಟ್ಟಿರುವುದು ಕಡತವೇ. ಮೂಲ ಎಕ್ಸೆಲ್ ಕಡತ ಹುಡುಕಿ ‘ಸಿಎಸ್‌ವಿ ಯುಟಿಎಫ್-8’ ಎಂಬ ಆಯ್ಕೆಯಲ್ಲಿ ಮತ್ತೆ ಉಳಿಸುವುದು ಸುಲಭದ ದಾರಿ.

ದೊಡ್ಡ ‘ಎ’ ಕಂಡರೂ ಅದರ ತಲೆಯ ಮೇಲೆ ಅಲೆಗೀಟಿಲ್ಲದೆ ಬರೀ ಓರೆ ಗೀರು ಇದ್ದು, ಸುತ್ತ ಪೌಂಡ್ ಚಿಹ್ನೆ, ಜರ್ಮನಿಯ ಜೋಡಿ ‘ಎಸ್’, ಸಣ್ಣ ‘ಕ್ಯೂ’ ಎಲ್ಲ ಕಲಸಿಕೊಂಡಿದ್ದರೆ ಕತೆ ಪೂರ್ತಿ ಬೇರೆ. ಅದು ನುಡಿ ಅಥವಾ ಬರಹದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪು ಮಾಡಿದ್ದು. ಅಲ್ಲಿ ‘ಕನ್ನಡ’ ಎಂಬ ಪದ ದೊಡ್ಡ ‘ಪಿ’ಯಿಂದ ಶುರುವಾಗುತ್ತದೆ. ಒಳಗೆ ಇರುವುದು ನಿಜಕ್ಕೂ ಇಂಗ್ಲಿಷ್ ಸಂಕೇತಗಳೇ, ಫಾಂಟು ಮಾತ್ರ ಅವಕ್ಕೆ ಕನ್ನಡದ ವೇಷ ಹಾಕುತ್ತಿತ್ತು. ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ವೇಷ ಕಳಚುತ್ತದೆ. ಆ ಫಾಂಟನ್ನು ಪುಟಕ್ಕೆ ಸೇರಿಸಿ ಕಾಣುವ ಹಾಗೆ ಮಾಡುವವರು ಈಗಲೂ ಇದ್ದಾರೆ. ದಯವಿಟ್ಟು ಬೇಡ. ಹುಡುಕಿದರೆ ಸಿಗುವುದಿಲ್ಲ, ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಕ್ಕೆ ಅದು ಬರೀ ಗದ್ದಲ. ಯೂನಿಕೋಡಿಗೆ ಪರಿವರ್ತಿಸಿ. ಪರಿವರ್ತಿಸಿದ ಮೇಲೆ ಅರ್ಕಾವೊತ್ತು ಇರುವ ಪದಗಳನ್ನು ಮೊದಲು ಪರೀಕ್ಷಿಸಿ: ‘ಸೂರ್ಯ’, ‘ಕಾರ್ಯಕ್ರಮ’, ‘ನೀರ್ಚಾಲು’. ಹಳೆಯ ಫಾಂಟಿನಲ್ಲಿ ಅರ್ಕಾವೊತ್ತು ವ್ಯಂಜನದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ಮೊದಲು ‘ರ್’ ಬರುತ್ತದೆ. ಕಳಪೆ ಪರಿವರ್ತಕಗಳು ಮುಗ್ಗರಿಸುವುದು ಈ ತಿರುವಿನಲ್ಲಿ.

ಇನ್ನು ಬರೀ ಪ್ರಶ್ನೆ ಚಿಹ್ನೆಗಳ ಸಾಲು ಕಂಡರೆ ಆಸೆ ಬಿಡಿ. ಕನ್ನಡ ಹಿಡಿಯಲಾರದ ದತ್ತಸಂಚಯಕ್ಕೆ (ಡೇಟಾಬೇಸಿಗೆ) ಕನ್ನಡ ಹಾಕಿದ್ದಾರೆ, ಅದು ಪ್ರತಿ ಸಂಕೇತದ ಬದಲು ಒಂದು ಪ್ರಶ್ನೆ ಚಿಹ್ನೆ ಬರೆದುಕೊಂಡಿದೆ. ಮೂಲ ಹೋಯಿತು. ಕೋಷ್ಟಕದ ಅಕ್ಷರಪಟ್ಟಿ ಬದಲಿಸಿ, ಪಠ್ಯವನ್ನು ಹೊಸದಾಗಿ ಹಾಕಬೇಕು. ಮೈಎಸ್‌ಕ್ಯೂಎಲ್ ಎಂಬ ದತ್ತಸಂಚಯ ತಂತ್ರಾಂಶದಲ್ಲಿ ಬದಲಿಸುವಾಗ ‘ಯುಟಿಎಫ್8’ ಸಾಕು ಎಂದುಕೊಳ್ಳಬೇಡಿ. ಅಲ್ಲಿ ಆ ಹೆಸರಿನದು ಮೂರು ಬೈಟಿನವರೆಗೆ ಮಾತ್ರ ಹಿಡಿಯುವಂಥದ್ದು. ಕನ್ನಡ, ಮಲಯಾಳ ಮೂರರಲ್ಲೇ ಮುಗಿಯುವುದರಿಂದ ನಡೆದುಹೋಗುತ್ತದೆ. ಆದರೆ 2024ರ ಸೆಪ್ಟೆಂಬರಿನಲ್ಲಿ ಯೂನಿಕೋಡಿನ 16ನೇ ಆವೃತ್ತಿಗೆ ಸೇರಿದ ತುಳು-ತಿಗಳಾರಿ ಲಿಪಿಯ ಜಾಗ 11380ರಿಂದ ಮೇಲೆ, ಅದಕ್ಕೆ ನಾಲ್ಕು ಬೈಟು ಬೇಕು. ಮುಂದೆ ಯಾರಾದರೂ ಆ ಲಿಪಿಯಲ್ಲಿ ತುಳು ಹಾಕಲು ಹೊರಟರೆ ಕೆಲಸ ಅಲ್ಲೇ ಕೆಡುತ್ತದೆ. ಈಗಲೇ ‘ಯುಟಿಎಫ್8ಎಂಬಿ4’ ಆರಿಸಿ.

ಕಪ್ಪು ವಜ್ರದೊಳಗೆ ಪ್ರಶ್ನೆ ಚಿಹ್ನೆ ಕಂಡರೆ ಅದು ಬೇರೆ. ಬ್ರೌಸರು ಯುಟಿಎಫ್-8 ಎಂದೇ ಓದುತ್ತಿದೆ, ಆದರೆ ನಡುವೆ ಅರ್ಧಂಬರ್ಧ ಬೈಟು ಸಿಕ್ಕಿದೆ. ಸಾರಾಂಶದ ಕೊನೆಯಲ್ಲಿ ಮಾತ್ರ ಕಂಡರೆ ಸರ್ವರಿನ ಕಡೆಯ ಕಾರ್ಯಕ್ರಮ ಪಠ್ಯವನ್ನು ಅಕ್ಷರದ ಲೆಕ್ಕದಲ್ಲಿ ಕತ್ತರಿಸದೆ ಬೈಟಿನ ಲೆಕ್ಕದಲ್ಲಿ ಕತ್ತರಿಸಿದೆ ಎಂದೇ ತಿಳಿಯಿರಿ. ಮೂರು ಬೈಟಿನ ಲಿಪಿಯನ್ನು ಕಣ್ಣುಮುಚ್ಚಿ ಕತ್ತರಿಸಿದರೆ ಮೂರರಲ್ಲಿ ಎರಡು ಪಾಲು ಸಲ ಕತ್ತರಿ ನಡುವೆಯೇ ಬೀಳುತ್ತದೆ.

ಚೌಕಗಳು

ಅಕ್ಷರದ ಬದಲು ಖಾಲಿ ಚೌಕ ಬಂದರೆ ಓದುವುದು ಸಮ ಆಗಿದೆ, ಬರೆಯಲು ಫಾಂಟಿಲ್ಲ. ಫೈರ್‌ಫಾಕ್ಸಿನಲ್ಲಿ ನೋಡಿದರೆ ಚೌಕದೊಳಗೆ ಪುಟ್ಟ ಅಂಕಿಗಳಿರುತ್ತವೆ. 0ಸಿ80ರಿಂದ ಮೇಲಿನದು ಕನ್ನಡ, 0ಡಿ ಎಂದು ಶುರುವಾದರೆ ಮಲಯಾಳ.

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳವರು ಈ ವಿಷಯದಲ್ಲಿ ಒಂದು ಮಾತು ನೆನಪಿಡಬೇಕು. ಕೇರಳದ ಶಾಲೆಗಳಲ್ಲಿ ಇರುವುದು ಅಲ್ಲಿನ ಸರಕಾರದ ಕೈಟ್ ಸಂಸ್ಥೆ ಒದಗಿಸುವ ಉಬುಂಟು ಆಧಾರಿತ ಲಿನಕ್ಸ್. ಮನೆಯ ವಿಂಡೋಸ್ ಕಂಪ್ಯೂಟರಿನಲ್ಲಿ ಪುಟ ಮಾಡಿ, ಫಾಂಟಿನ ಹೆಸರು ‘ತುಂಗಾ’ ಅಥವಾ ‘ನಿರ್ಮಲಾ ಯುಐ’ ಎಂದಷ್ಟೇ ಬರೆದರೆ ಶಾಲೆಯಲ್ಲಿ ಅವೆರಡೂ ಇರುವುದಿಲ್ಲ. ಲಿನಕ್ಸಿನಲ್ಲಿ ಸಿಗುವುದು ಲೋಹಿತ್ ಕನ್ನಡ, ಗುಬ್ಬಿ, ನವಿಲು, ನೋಟೊ ಸಾನ್ಸ್ ಕನ್ನಡ ಇತ್ಯಾದಿ. ಆಪಲ್ ಸಾಧನಗಳಲ್ಲಿ ಕನ್ನಡ ಸಂಗಮ್ ಎಂಎನ್. ಬ್ರೌಸರು ಸಾಮಾನ್ಯವಾಗಿ ತಾನೇ ಇನ್ನೊಂದನ್ನು ಹುಡುಕಿಕೊಳ್ಳುತ್ತದೆ, ಹಾಗಾಗಿ ಚೌಕ ಬರದೆ ಬರೀ ಸಾಲುಗಳ ಅಳತೆ ಬದಲಾಗಬಹುದು. ನಿಜಕ್ಕೂ ಯಾವ ಫಾಂಟು ಬಳಕೆಯಾಗುತ್ತಿದೆ ಎಂದು ಊಹಿಸಬೇಕಾಗಿಲ್ಲ. ಕ್ರೋಮಿನಲ್ಲಿ ಎಫ್ 12 ಒತ್ತಿ, ಪದವನ್ನು ಆರಿಸಿ, ಕಂಪ್ಯೂಟೆಡ್ ವಿಭಾಗದ ತಳಕ್ಕೆ ಹೋದರೆ ‘ರೆಂಡರ್ಡ್ ಫಾಂಟ್ಸ್’ ಎಂದು ಹೆಸರು ಬರೆದಿರುತ್ತದೆ.

ಫಾಂಟನ್ನು ಪುಟದ ಜೊತೆಗೇ ಕಳಿಸುವುದು ಒಳ್ಳೆಯ ದಾರಿ. ಆದರೆ ನೆಟ್‌ವರ್ಕ್ ನಿಧಾನ ಇರುವಲ್ಲಿ, ಉದಾಹರಣೆಗೆ ಎಣ್ಮಕಜೆಯ ಗುಡ್ಡದ ಬದಿಯಲ್ಲಿ ಕೂತು ಫೋನಿನಲ್ಲಿ ಓದುವವರಿಗೆ, ಪುಟದ ಚಿತ್ರ ಬಂದು ಅಕ್ಷರ ಮಾತ್ರ ಕೆಲವು ಸೆಕೆಂಡು ಕಾಣದೆ ಇರುತ್ತದೆ. ಫಾಂಟು ಬರಲಿ ಎಂದು ಬ್ರೌಸರು ಸುಮಾರು ಮೂರು ಸೆಕೆಂಡಿನವರೆಗೆ ಪಠ್ಯವನ್ನು ಅಡಗಿಸಿಡುತ್ತದೆ. ಸಿಎಸ್‌ಎಸ್‌ನಲ್ಲಿ ‘ಫಾಂಟ್-ಡಿಸ್‌ಪ್ಲೇ’ಗೆ ‘ಸ್ವಾಪ್’ ಎಂದು ಕೊಟ್ಟರೆ ಮೊದಲು ಇದ್ದದ್ದರಲ್ಲಿ ತೋರಿಸಿ ಆಮೇಲೆ ಬದಲಿಸುತ್ತದೆ.

ಒತ್ತು ಒಡೆದರೆ, ಬೋಳು ವೃತ್ತ ಕಂಡರೆ

ಅಕ್ಷರ ಕನ್ನಡವೇ, ಆದರೆ ‘ಮಂಜೇಶ್ವರ’ ಎಂಬುದು ‘ಮಂಜೇಶ್…’ ಎಂದು ನಿಂತಿದೆ. ಇದು ಫಾಂಟಿನ ತಪ್ಪಲ್ಲ, ಜಾವಾಸ್ಕ್ರಿಪ್ಟಿನ ಕತ್ತರಿ. ನಮ್ಮ ಕಣ್ಣಿಗೆ ಮಂಜೇಶ್ವರ ನಾಲ್ಕು ಅಕ್ಷರ. ಜಾವಾಸ್ಕ್ರಿಪ್ಟಿನ ಲೆಕ್ಕದಲ್ಲಿ ಎಂಟು: ಮ, ಸೊನ್ನೆ, ಜ, ಏತ್ವ, ಶ, ಅರೆಗುರುತು, ವ, ರ. ಪಠ್ಯ ಕತ್ತರಿಸುವ ‘ಸ್ಲೈಸ್’ನಲ್ಲಿ ಆರು ಎಂದು ಬರೆದರೆ ಅರೆಗುರುತಿಗೆ ಬಂದು ನಿಲ್ಲುತ್ತದೆ, ಮೂರು ಎಂದು ಬರೆದರೆ ‘ಮಂಜ’ ಆಗುತ್ತದೆ. ಎರಡನೆಯದು ಇನ್ನೂ ಅಪಾಯ, ಯಾಕೆಂದರೆ ನೋಡುವುದಕ್ಕೆ ಸಮ ಇದ್ದ ಹಾಗೆಯೇ ಇರುತ್ತದೆ. ಉದ್ದ ಕಡಿಮೆ ಮಾಡಲೇಬೇಕಿದ್ದರೆ ಪದಗಳ ನಡುವಿನ ಖಾಲಿ ಜಾಗದಲ್ಲಿ ಕತ್ತರಿಸಿ. ಇಲ್ಲವೇ ಪಠ್ಯವನ್ನು ಪೂರ್ತಿ ಬಿಟ್ಟು, ಸಿಎಸ್‌ಎಸ್‌ನ ‘ಟೆಕ್ಸ್ಟ್-ಓವರ್‌ಫ್ಲೋ’ಗೆ ಆ ಕೆಲಸ ವಹಿಸಿ.

ಸ್ವರಚಿಹ್ನೆಯ ಪಕ್ಕ ಚುಕ್ಕೆಚುಕ್ಕೆಯ ಬೋಳು ವೃತ್ತ ಕಂಡರೆ ಆ ಚಿಹ್ನೆಗೆ ಹಿಡಿದುಕೊಳ್ಳಲು ವ್ಯಂಜನ ಸಿಕ್ಕಿಲ್ಲ. ಎರಡು ಸ್ವರಚಿಹ್ನೆ ಒಟ್ಟಿಗೆ ಬಿದ್ದಿರಬಹುದು. ಇಲ್ಲವೇ ಹುಡುಕಿದ ಪದಕ್ಕೆ ಹಳದಿ ಬಣ್ಣ ಬಳಿಯುವ ಸ್ಕ್ರಿಪ್ಟು ವ್ಯಂಜನಕ್ಕೂ ಅದರ ಚಿಹ್ನೆಗೂ ನಡುವೆ ಟ್ಯಾಗು, ಅಂದರೆ ಎಚ್‌ಟಿಎಮ್‌ಎಲ್‌ನ ಗುರುತು, ತುರುಕಿರಬಹುದು. ಓದುಗರು ‘ಮ’ ಎಂದು ಹುಡುಕಿದರು, ಸ್ಕ್ರಿಪ್ಟು ‘ಮಾ’ದೊಳಗಿನ ‘ಮ’ವನ್ನು ಮಾತ್ರ ಸುತ್ತಿ ದೀರ್ಘವನ್ನು ಹೊರಗೆ ಬಿಟ್ಟಿತು.

ಹುಡುಕಿದರೆ ಸಿಗುವುದೇ ಇಲ್ಲ ಎಂಬುದಕ್ಕೂ ಕಾರಣ ಇಲ್ಲೇ ಆಸುಪಾಸು ಉಂಟು. ‘ಪೇಟೆ’ಯ ‘ಪೇ’ಯನ್ನು ಎರಡು ರೀತಿ ಬರೆಯಬಹುದು: ‘ಪ’ಕ್ಕೆ ಏತ್ವದ ಒಂದೇ ಸಂಕೇತ, ಅಥವಾ ‘ಪ’ಕ್ಕೆ ಎತ್ವ ಕೊಟ್ಟು ಮೇಲೆ ದೀರ್ಘದ ಗುರುತು. ಪರದೆಯಲ್ಲಿ ಎರಡೂ ಒಂದೇ. ಜಾವಾಸ್ಕ್ರಿಪ್ಟಿನ ಸಮಾನ ಚಿಹ್ನೆಗೆ ಎರಡೂ ಬೇರೆ. ‘ಪೇ’ಯ ಬಲಕ್ಕೆ ಕರ್ಸರ್ ಇಟ್ಟು ಬ್ಯಾಕ್‌ಸ್ಪೇಸ್ ಒಮ್ಮೆ ಒತ್ತಿ. ‘ಪ’ ಉಳಿದರೆ ಒಂದೇ ಸಂಕೇತ, ‘ಪೆ’ ಉಳಿದರೆ ಎರಡು. ಹೋಲಿಸುವ ಮೊದಲು ಎರಡೂ ಬದಿಯನ್ನು ‘ನಾರ್ಮಲೈಸ್’ ಎಂಬ ವಿಧಾನದಿಂದ ಎನ್‌ಎಫ್‌ಸಿ ಎಂಬ ಕೂಡಿಸಿದ ರೂಪಕ್ಕೆ ತಂದರೆ ಮುಗಿಯಿತು.

ಕಣ್ಣಿಗೆ ಕಾಣದ ಎರಡು ಸಂಕೇತಗಳೂ ಇವೆ. ‘ಪಾಸ್‌ಬುಕ್’ ಎಂದು ಬಿಡಿಸಿ ನಿಲ್ಲಿಸುವುದು ಶೂನ್ಯ ಅಗಲದ ಬೇರ್ಪಡಿಕೆ. ‘ರ‍್ಯಾಂಕ್’ನಲ್ಲಿ ಅರ್ಕಾವೊತ್ತು ಬಾರದ ಹಾಗೆ ತಡೆಯುವುದು ಶೂನ್ಯ ಅಗಲದ ಜೋಡಣೆ. ಅನುಮಾನಾಸ್ಪದ ಅಕ್ಷರಗಳನ್ನು ತೆಗೆಯುವ ಸೋಸುವಿಕೆ ಕೆಲವು ತಂತ್ರಾಂಶಗಳಲ್ಲಿ ಇರುತ್ತದೆ, ಅದು ಇವನ್ನೂ ತೆಗೆದುಬಿಡುತ್ತದೆ. ನೀವು ಬರೆದದ್ದು ‘ಪಾಸ್‌ಬುಕ್’, ಪುಟದಲ್ಲಿ ಬಂದದ್ದು ‘ಪಾಸ್ಬುಕ್’ ಎಂದಾದರೆ ಅಲ್ಲಿ ಹುಡುಕಿ.

ಸದ್ದಿಲ್ಲದೆ ಬಿಟ್ಟುಬಿಡುವ ಸಿಎಸ್‌ಎಸ್

ಪಠ್ಯ ಸಮ ಇದ್ದು ಬಣ್ಣ, ಅಂತರ, ಅಗಲ ಮಾತ್ರ ಕೆಟ್ಟಿದ್ದರೆ ಸಿಎಸ್‌ಎಸ್ ನೋಡಿ. ಎಲ್ಲವೂ ಹೋಗಿ ಬರೀ ಕಪ್ಪು-ಬಿಳುಪಿನ ಸಾಲು ಉಳಿದಿದ್ದರೆ ಕಡತವೇ ಬಂದಿಲ್ಲ: ನೆಟ್‌ವರ್ಕ್ ವಿಭಾಗದಲ್ಲಿ 404 ಎಂದು ಕೆಂಪಾಗಿ ಕಾಣುತ್ತದೆ. ವಿಂಡೋಸಿನಲ್ಲಿ ಕಡತದ ಹೆಸರಿನ ದೊಡ್ಡ-ಸಣ್ಣ ಅಕ್ಷರಕ್ಕೆ ಬೆಲೆಯಿಲ್ಲ, ಲಿನಕ್ಸ್ ಸರ್ವರಿನಲ್ಲಿ ಉಂಟು. ಮನೆಯಲ್ಲಿ ಸರಿ, ಸರ್ವರಿನಲ್ಲಿ ಇಲ್ಲ ಎಂಬ ದೂರಿಗೆ ಇದೊಂದು ಮಾಮೂಲಿ ಕಾರಣ.

ಒಂದೆರಡು ಗುಣ ಮಾತ್ರ ಕೆಲಸ ಮಾಡದಿದ್ದರೆ ಸಾಲಿನ ಕೊನೆಯ ಅಲ್ಪವಿರಾಮ-ಚುಕ್ಕೆ (;) ಬಿಟ್ಟುಹೋಗಿರಬಹುದು. ಆಗ ಆ ಸಾಲೂ ಅದರ ಮುಂದಿನ ಸಾಲೂ ಎರಡೂ ಹೋಗುತ್ತವೆ. ಎಫ್ 12 ಒತ್ತಿದಾಗ ಸಿಗುವ ಎಲಿಮೆಂಟ್ಸ್ ವಿಭಾಗದ ಬಲಬದಿಯಲ್ಲಿ ಅಂಥ ಸಾಲಿಗೆ ಅಡ್ಡಗೆರೆಯೂ ಹಳದಿ ಎಚ್ಚರಿಕೆಯೂ ಇರುತ್ತದೆ. ನಮ್ಮವರಲ್ಲಿ ಮಾತ್ರ ಕಾಣುವ ಒಂದು ತಪ್ಪೂ ಉಂಟು: ಕನ್ನಡ ಕೀಲಿಮಣೆ ಬದಲಿಸಲು ಮರೆತು ಅಕ್ಷರದ ಗಾತ್ರವನ್ನು ೧೬ ಎಂದು ಕನ್ನಡ ಅಂಕಿಯಲ್ಲಿ ಬರೆಯುವುದು. ಸಿಎಸ್‌ಎಸ್‌ಗೆ ಅದು ಅಂಕಿಯೇ ಅಲ್ಲ.

ಒತ್ತಿನ ತಳ ಕತ್ತರಿಸಿ ಹೋಗಿದ್ದರೆ, ‘ಕೃಷ್ಣಾರ್ಜುನ’ದ ಕೆಳಭಾಗ ಅರ್ಧ ಮಾತ್ರ ಕಾಣುತ್ತಿದ್ದರೆ, ಇಂಗ್ಲಿಷಿಗೆ ಮಾಡಿದ ವಿನ್ಯಾಸವನ್ನು ಹಾಗೆಯೇ ತಂದಿದ್ದಾರೆ. ಸಾಲಿನ ಎತ್ತರ 1 ಅಥವಾ 1.2, ಪೆಟ್ಟಿಗೆಗೆ ‘ಓವರ್‌ಫ್ಲೋ ಹಿಡನ್’. ಕನ್ನಡಕ್ಕೆ 1.6ರ ಸುತ್ತಮುತ್ತ ಬೇಕು ಎಂಬುದು ನನ್ನ ಅಭಿಪ್ರಾಯ, ಗುಂಡಿಗಳಿಗೆ ಎತ್ತರವನ್ನು ಪಿಕ್ಸೆಲಿನಲ್ಲಿ ಬಿಗಿಯಲೇಬಾರದು.

ನಿಂತುಬಿಡುವ ಜಾವಾಸ್ಕ್ರಿಪ್ಟ್

ಪುಟ ಚೆಂದ ಕಾಣುತ್ತದೆ, ಗುಂಡಿ ಒತ್ತಿದರೆ ಏನೂ ಇಲ್ಲ. ಎಫ್ 12 ಒತ್ತಿ ಕನ್ಸೋಲ್ ವಿಭಾಗ ತೆರೆದು ಕೆಂಪು ಸಾಲು ಓದಿ. ವ್ಯಾಕರಣದ ತಪ್ಪು, ಅಂದರೆ ‘ಸಿಂಟ್ಯಾಕ್ಸ್ ಎರರ್’ ಇದ್ದರೆ ಆ ಸ್ಕ್ರಿಪ್ಟಿನ ಒಂದು ಸಾಲೂ ನಡೆದಿರುವುದಿಲ್ಲ. ಬೇರೆ ಬಗೆಯ ತಪ್ಪಾದರೆ ಅಲ್ಲಿಯವರೆಗೆ ನಡೆದು ಅಲ್ಲಿಂದ ನಿಂತಿರುತ್ತದೆ. ಹಾಗಾಗಿ ಮೊದಲ ಗುಂಡಿ ಕೆಲಸ ಮಾಡಿ ಎರಡನೆಯದು ಮಾಡದಿದ್ದರೆ ಎರಡರ ನಡುವಿನ ಸಾಲುಗಳನ್ನು ನೋಡಿದರೆ ಸಾಕು. ಪುಟದ ಬೇರೆ ಸ್ಕ್ರಿಪ್ಟುಗಳು ತಮ್ಮ ಪಾಡಿಗೆ ನಡೆಯುತ್ತಿರಬಹುದು.

ವ್ಯಾಕರಣದ ತಪ್ಪಿಗೆ ನಾನು ಮೊದಲು ಶಂಕಿಸುವುದು ಉದ್ಧರಣ ಚಿಹ್ನೆಗಳನ್ನು. ವರ್ಡ್‌ನಲ್ಲಿ ಬರೆದ ಕೋಡಿನಲ್ಲಿ ನೆಟ್ಟಗಿನ ಚಿಹ್ನೆ ಬಾಗಿದ ಚಿಹ್ನೆಯಾಗಿರುತ್ತದೆ. ‘ನಲ್’ನ, ಅಂದರೆ ಇಲ್ಲದ ವಸ್ತುವಿನ, ಗುಣ ಓದಲಾಗದು ಎಂಬ ದೂರಿದ್ದರೆ ಪುಟದಲ್ಲಿ ಆ ಗುಂಡಿ ಹುಟ್ಟುವ ಮೊದಲೇ ಸ್ಕ್ರಿಪ್ಟು ಅದನ್ನು ಹುಡುಕಿದೆ. ಬ್ರೌಸರು ಮೇಲಿನಿಂದ ಕೆಳಗೆ ಓದುತ್ತದೆ, ನಡುವೆ ಸ್ಕ್ರಿಪ್ಟು ಸಿಕ್ಕಿದರೆ ಉಳಿದ ಓದು ನಿಲ್ಲಿಸಿ ಅದನ್ನು ನಡೆಸುತ್ತದೆ. ಹೊರಗಿನ ಕಡತವಾದರೆ ‘ಡಿಫರ್’ ಎಂಬ ಒಂದು ಪದ ಸೇರಿಸಿ, ಪುಟ ಪೂರ್ತಿ ಓದಿದ ಮೇಲೆ ನಡೆಯುತ್ತದೆ. ಪುಟ ತುಂಬ ಹೊತ್ತು ಬಿಳಿಯಾಗಿ ನಿಲ್ಲುವ ರೋಗಕ್ಕೂ ಬಹಳ ಸಲ ಇದೇ ಮದ್ದು.

ತಪ್ಪು ಸಂದೇಶವೇ ಇಲ್ಲ, ಆದರೆ ದಿನಾಂಕದ ಜೋಡಣೆ ಅಸ್ತವ್ಯಸ್ತ ಎಂದಾದರೆ ಮತ್ತೆ ಕನ್ನಡ ಅಂಕಿಗಳನ್ನು ನೋಡಿ. ‘೧೨’ ಎಂಬುದನ್ನು ಸಂಖ್ಯೆಯಾಗಿಸಲು ಹೇಳಿದರೆ ಜಾವಾಸ್ಕ್ರಿಪ್ಟು ‘ಸಂಖ್ಯೆ ಅಲ್ಲ’ ಎಂಬ ಬೆಲೆ ಕೊಟ್ಟು ಮುಂದುವರಿಯುತ್ತದೆ. ನಿಲ್ಲುವ ಸ್ವಭಾವದ ಭಾಷೆ ನಿಲ್ಲಬೇಕಾದ ಈ ಒಂದು ಜಾಗದಲ್ಲಿ ನಿಲ್ಲುವುದಿಲ್ಲ. ಒಳಗೆ ಇಂಗ್ಲಿಷ್ ಅಂಕಿ ಇಟ್ಟು, ತೋರಿಸುವಾಗ ಮಾತ್ರ ಕನ್ನಡಕ್ಕೆ ಬದಲಿಸಿ. ಊರಿನ ಹೆಸರುಗಳ ಜೋಡಣೆಯೂ ಹಾಗೆಯೇ: ಯೂನಿಕೋಡಿನಲ್ಲಿ ‘ಳ’ಕಾರ ‘ಲ’ದ ಪಕ್ಕ ಕೂತಿದೆ, ನಮ್ಮ ವರ್ಣಮಾಲೆಯಲ್ಲಿ ‘ಹ’ ಆದ ಮೇಲೆ. ಬರೀ ‘ಸಾರ್ಟ್’ ಎಂದರೆ ‘ಮಳೆ’ ಎಂಬುದು ‘ಮವ್ವಾರು’ಗಿಂತ ಮೊದಲು ಬರುತ್ತದೆ. ‘ಲೊಕೇಲ್‌ಕಂಪೇರ್’ಗೆ ಕನ್ನಡದ ಗುರುತು ಕೊಟ್ಟು ಹೋಲಿಸಿ.

ಕ್ಷಮಿಸುವ ಎಚ್‌ಟಿಎಮ್‌ಎಲ್

ಕ್ಷಮಿಸುವುದರಿಂದಲೇ ಇದರ ದೋಷ ಹಿಡಿಯುವುದು ಕಷ್ಟ. ಕೋಷ್ಟಕದ ಒಳಗೆ, ಮನೆಗಳ ಹೊರಗೆ ಬರೆದ ಸಾಲೊಂದು ಕೋಷ್ಟಕದ ಮೇಲಕ್ಕೆ ಹೋಗಿ ಕೂತಿದ್ದರೆ ಅದು ಬ್ರೌಸರಿನ ಹುಚ್ಚಲ್ಲ, ನಿಯಮದಲ್ಲೇ ಹಾಗೆ ಬರೆದಿದೆ. ಮೂಲ ನೋಡುವ ‘ವ್ಯೂ ಸೋರ್ಸ್’ ಮತ್ತು ಎಲಿಮೆಂಟ್ಸ್ ವಿಭಾಗ ಎರಡನ್ನೂ ಪಕ್ಕಪಕ್ಕ ಇಡಿ. ಮೊದಲನೆಯದು ಸರ್ವರು ಕಳಿಸಿದ್ದು, ಎರಡನೆಯದು ಬ್ರೌಸರು ಕಟ್ಟಿಕೊಂಡದ್ದು. ಎರಡೂ ಎಲ್ಲಿ ಬೇರೆಯಾಗುತ್ತವೋ ಅಲ್ಲಿ ಮುಚ್ಚದ ಟ್ಯಾಗು ಇರುತ್ತದೆ, ಇಲ್ಲವೇ ಸ್ಕ್ರಿಪ್ಟಿನ ಕೈವಾಡ. ಪುಟದ ಮೊದಲ ಸಾಲಿನಲ್ಲಿ, ಪುಟ ಯಾವ ಬಗೆಯದು ಎಂದು ಸಾರುವ ಡಾಕ್‌ಟೈಪ್ ಇದೆಯೇ ನೋಡಿ, ಇಲ್ಲದಿದ್ದರೆ ಬ್ರೌಸರು ತೊಂಬತ್ತರ ದಶಕದ ಪುಟ ಎಂದು ಭಾವಿಸಿ ಅಳತೆಗಳನ್ನೇ ಬದಲಿಸುತ್ತದೆ.

ಮೂರು ಭಾಷೆ ಒಂದೇ ಪುಟದಲ್ಲಿ

ಮಲಯಾಳದ ಸಾಲು ದುಂಡಗೆ ದೊಡ್ಡದಾಗಿ, ಪಕ್ಕದ ಕನ್ನಡ ಚಿಕ್ಕದಾಗಿ ಕಂಡರೆ ಫಾಂಟುಗಳ ಹಂಚಿಕೆ ಆಗಿಲ್ಲ. ಪುಟಕ್ಕೆಲ್ಲ ‘ಮಂಜರಿ’ಯಂಥ ಮಲಯಾಳ ಫಾಂಟನ್ನು ಹೇಳಿದ್ದಾರೆ. ಅದರಲ್ಲಿ ಕನ್ನಡ ಅಕ್ಷರಗಳಿಲ್ಲ, ಬ್ರೌಸರು ಕನ್ನಡಕ್ಕೆ ಎಲ್ಲಿಂದಲೋ ಒಂದು ತಂದು ತುಂಬಿದೆ. ಪ್ರತಿ ಭಾಗಕ್ಕೂ ‘ಲ್ಯಾಂಗ್’ ಗುಣ ಬರೆಯಿರಿ: ಕನ್ನಡಕ್ಕೆ ‘ಕೆಎನ್’, ಮಲಯಾಳಕ್ಕೆ ‘ಎಂಎಲ್’, ತುಳುವಿಗೆ ‘ಟಿಸಿವೈ’. ಆ ಗುಣವನ್ನೇ ಹಿಡಿದು ಸಿಎಸ್‌ಎಸ್‌ನಲ್ಲಿ ಬೇರೆ ಬೇರೆ ಫಾಂಟು, ಗಾತ್ರ ಕೊಡಬಹುದು.

ತುಳುವಿನದು ಕನ್ನಡ ಲಿಪಿಯೇ ಅಲ್ಲವೇ, ಯಾಕೆ ಬೇರೆ ಗುರುತು ಎಂದು ಕೆಲವರು ಕೇಳುತ್ತಾರೆ. ಬ್ರೌಸರಿನ ತಾನಾಗಿ ಅನುವಾದಿಸುವ ವ್ಯವಸ್ಥೆಯೂ ಓದಿ ಹೇಳುವ ತಂತ್ರಾಂಶವೂ ಲಿಪಿಯ ಜೊತೆಗೆ ಈ ಗುರುತನ್ನೂ ನೋಡುತ್ತವೆ. ಊರಿನ ಹೆಸರು, ಪ್ರಸಂಗದ ಹೆಸರುಗಳನ್ನು ಅನುವಾದ ಮುಟ್ಟಬಾರದು ಎಂದಿದ್ದರೆ ಅವಕ್ಕೆ ‘ಟ್ರಾನ್ಸ್‌ಲೇಟ್’ ಗುಣವನ್ನು ‘ನೋ’ ಎಂದು ಕೊಡಿ. ಇಲ್ಲದಿದ್ದರೆ ಹೊಸಂಗಡಿ ಯಾವಾಗ ಬರೀ ಹೊಸ ಅಂಗಡಿಯಾಗಿ ಬದಲಾಗುತ್ತದೆ ಎಂದು ಹೇಳಲಾಗದು.

ಬೇರೆಯವರಿಗೆ ಹೇಳಬೇಕಾದಾಗ

ದೋಷ ಸರ್ವರಿನ ಕಡೆ ಎಂದು ಗೊತ್ತಾಗಿ, ಅದನ್ನು ನೋಡಿಕೊಳ್ಳುವವರಿಗೆ ಬರೆಯುವಾಗ ಚಿತ್ರ ಮಾತ್ರ ಕಳಿಸಬೇಡಿ. ಕದಡಿದ ಒಂದು ಪದವನ್ನು ಪುಟದಿಂದಲೇ ನಕಲು ಮಾಡಿ ಅಂಟಿಸಿ, ಪಕ್ಕದಲ್ಲಿ ಅದು ಏನಾಗಿರಬೇಕಿತ್ತು ಎಂದು ಬರೆಯಿರಿ. ಚಿತ್ರದಿಂದ ಬೈಟು ಓದಲು ಬರುವುದಿಲ್ಲ, ಪಠ್ಯದಿಂದ ಬರುತ್ತದೆ. ಪುಟದ ಪೂರ್ತಿ ವಿಳಾಸ, ಬ್ರೌಸರಿನ ಹೆಸರು ಮತ್ತು ಆವೃತ್ತಿ, ಫೋನೋ ಕಂಪ್ಯೂಟರೋ, ಇನ್‌ಕಾಗ್ನಿಟೊ ಕಿಟಕಿಯಲ್ಲೂ ಹಾಗೆಯೇ ಇದೆಯೇ ಎಂಬುದು ಇರಲಿ. ಕನ್ಸೋಲಿನಲ್ಲಿ ಕೆಂಪು ಸಾಲುಗಳು ಹತ್ತಾರು ಇದ್ದರೆ ಎಲ್ಲವನ್ನೂ ಕಳಿಸಬೇಕಾಗಿಲ್ಲ, ಎಲ್ಲಕ್ಕಿಂತ ಮೇಲಿನದನ್ನು ಕಳಿಸಿ. ಕೆಳಗಿನವು ಹೆಚ್ಚಾಗಿ ಅದರಿಂದಲೇ ಹುಟ್ಟಿದವು.